ಅರ್ಥ ಕೇಳಬೇಡಿ, ಯಾರ ಹೆಸರೆಂದು ಕೇಳಿ



ನಮ್ಮ ಬೇ ಏರಿಯಾದ ಕನ್ನಡ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತೆಂದರೆ ಅದರ ಹೆಸರಿಗೆ ಎರಡು ಪರೀಕ್ಷೆಗಳು ಕಾದಿರುತ್ತವೆ. ಒಂದು, "ಇಲ್ಲಿಯವರ ಬಾಯಲ್ಲಿ ಹೊರಳುತ್ತದೆಯೆ?" ಇನ್ನೊಂದು, "ಅರ್ಥ ಏನು?" ಈ ಎರಡು ಜರಡಿ ಹಿಡಿದ ಮೇಲೆ ಸಿಗುವುದು ಎರಡಕ್ಷರದ ನಾಲ್ಕಾರು ಹೆಸರು: ಮಾಯಾ, ನೀನಾ, ರಿಯಾ, ಅನ್ಯಾ. ನಂಜಮ್ಮ, ಗೌರಮ್ಮ, ವೆಂಕಟಲಕ್ಷ್ಮಿಯರು ಜರಡಿಯ ಮೇಲೆ ಉಳಿದ ತೌಡಿನಂತೆ ಕಸದ ಬುಟ್ಟಿ ಸೇರುತ್ತಾರೆ. ಇದು ಸರಿಯಲ್ಲ ಎಂಬುದು ನನ್ನ ವಾದ. ಒಪ್ಪದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಬರೆಯಿರಿ.

ಮೊದಲು ಅರ್ಥದ ವಿಚಾರ. ನಮ್ಮ ಮಕ್ಕಳು ಲೈಬ್ರರಿಯಿಂದ ತಂದು ಓದುವ 'ಹೈಡಿ' ಕಥೆ ನಿಮಗೆ ಗೊತ್ತು. ಸ್ವಿಟ್ಜರ್ಲೆಂಡಿನ ಜೊಹಾನ್ನಾ ಸ್ಪೀರಿ ಅದನ್ನು ಜರ್ಮನ್ ಭಾಷೆಯಲ್ಲಿ 1880 ಮತ್ತು 1881ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದರು. ಆ ಹುಡುಗಿಯ ಪೂರ್ತಿ ಹೆಸರು ಆಡೆಲ್‌ಹೈಡ್. 'ಆಡೆಲ್' ಎಂದರೆ ಕುಲೀನ, ದೊಡ್ಡ ಮನೆತನದ್ದು. 'ಹೈಡ್' ಎಂಬ ಭಾಗ ಇಂದಿನ ಜರ್ಮನ್‌ನಲ್ಲಿ ನಮ್ಮ 'ತನ' ಇದ್ದ ಹಾಗೆ, ಪದದ ಕೊನೆಗೆ ಅಂಟುವ ಪ್ರತ್ಯಯ. ಒಟ್ಟಿನಲ್ಲಿ 'ದೊಡ್ಡತನ' ಎನ್ನೋಣ. ಮುದ್ದಿಗೆ ಮೊಟಕು ಮಾಡಿದಾಗ 'ದೊಡ್ಡ' ಉದುರಿ 'ತನ' ಮಾತ್ರ ಉಳಿಯಿತು. ಅದೇ ಹೈಡಿ! ನಿಘಂಟಿನ ಲೆಕ್ಕದಲ್ಲಿ ಬರಿಯ ಬಾಲ. ಆದರೂ ಲೋಕಕ್ಕೆಲ್ಲ ಪ್ರಿಯವಾದ ಹೆಸರು.

ಕಥೆಯಲ್ಲಿ ಫ್ರಾಂಕ್‌ಫರ್ಟಿನ ಶ್ರೀಮಂತರ ಮನೆಯ ಮೇಲ್ವಿಚಾರಕಿ "ಹೈಡಿ ಎಂಬುದೂ ಒಂದು ಹೆಸರೇ?" ಎಂಬಂತೆ ಮೂಗು ಮುರಿಯುತ್ತಾಳೆ. ಆಗ ಕರೆತಂದ ಬಂಧು ಹೇಳುವುದು ಅರ್ಥವನ್ನಲ್ಲ. ತೀರಿಹೋದ ತಾಯಿಯ ಹೆಸರನ್ನೇ ಮಗುವಿಗೆ ಇಟ್ಟಿದೆ ಎಂಬುದನ್ನು. ಅಷ್ಟಕ್ಕೆ ಹೆಸರಿಗೆ ತೂಕ ಬಂತು.

ಇದು ನಮಗೆ ಹೊಸದೇನಲ್ಲ. 'ನಂಜು' ಎಂದರೆ ವಿಷ. ಹೆಸರಿನ ಪುಸ್ತಕ ಹಿಡಿದು ಹುಡುಕುವವರು ನಂಜಮ್ಮನನ್ನು ಮೊದಲ ಪುಟದಲ್ಲೇ ಹೊಡೆದು ಹಾಕುತ್ತಾರೆ. ಆದರೆ ಅದು ವಿಷವುಂಡು ಲೋಕವನ್ನು ಉಳಿಸಿದ ನಂಜನಗೂಡಿನ ನಂಜುಂಡೇಶ್ವರನ ಹೆಸರು. ಹಳೆಯ ಹೆಸರುಗಳೆಲ್ಲ ಪ್ರೀತಿಯಿಂದ ಇಟ್ಟವೆಂದು ನಾನು ಹೇಳುವುದಿಲ್ಲ. "ಇನ್ನು ಹೆಣ್ಣು ಸಾಕು" ಎಂದು ಸಾಕಮ್ಮ ಎಂದಿಟ್ಟ ಮನೆಗಳೂ ಇದ್ದವು. ಆದರೆ ಬಸವನಗುಡಿಯ 'ಕಾಫಿಪುಡಿ ಸಾಕಮ್ಮ'ನವರು ಆ ಕಾಲದಲ್ಲೇ ಉದ್ಯಮ ಕಟ್ಟಿ ಆ ಹೆಸರಿಗೆ ಬೇರೆಯೇ ಪರಿಮಳ ತಂದರು. ಹೆಸರಿಗೆ ಅರ್ಥ ಕೊಡುವವರು ಅದನ್ನು ಹೊತ್ತು ಬಾಳಿದವರು.

ಇನ್ನು ನಾಲಗೆಯ ವಿಚಾರ. ನಮ್ಮ ಕ್ಯಾಲಿಫೋರ್ನಿಯಾ 2003ರಿಂದ 2011ರವರೆಗೆ ಆಸ್ಟ್ರಿಯಾದಲ್ಲಿ ಹುಟ್ಟಿದ ಗವರ್ನರರನ್ನು ಶ್ವಾರ್ಜನೆಗರ್, ಶ್ವಾರ್ಜನೆಗರ್ ಎಂದು ತಡವರಿಸದೆ ಕರೆಯಿತು. ಅದನ್ನು ಕಲಿತ ನಾಲಗೆಗೆ ವೆಂಕಟಲಕ್ಷ್ಮಿ ಭಾರವೆ? ಪಕ್ಕದ ಓಕ್‌ಲೆಂಡಿನಲ್ಲಿ 1964ರಲ್ಲಿ ಹುಟ್ಟಿದ ಮಗುವಿಗೆ ತಾಯಿ ಶ್ಯಾಮಲಾ ಗೋಪಾಲನ್ ಕಮಲಾ ಎಂದು ಹೆಸರಿಟ್ಟರು. ಪಕ್ಷ ರಾಜಕೀಯ ಬಿಡಿ. 2020ರಲ್ಲಿ ಒಬ್ಬ ಸೆನೆಟರ್ ಸಭೆಯಲ್ಲಿ ಆ ಹೆಸರನ್ನು ಬೇಕೆಂದೇ ತಿರುಚಿದರೆಂದು ಗದ್ದಲವಾಯಿತು. ಮರುವರ್ಷ ಜನವರಿಯಲ್ಲಿ ಅದೇ ಹೆಸರಿನಲ್ಲಿ ಆಕೆ ಉಪಾಧ್ಯಕ್ಷೆಯಾಗಿ ಪ್ರಮಾಣವಚನ ತೆಗೆದುಕೊಂಡರು. ನಾಲಗೆ ತಿರುಗದಿದ್ದುದು ಹೆಸರಿನ ತಪ್ಪಲ್ಲ.

"ದಿನಾ ಹಾಜರಿ ಕೂಗುವಾಗ ನಗೆಪಾಟಲಾಗುವುದು ನೀವಲ್ಲ, ಮಗು" ಎಂದು ತಾಯಂದಿರು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಇದಕ್ಕೆ ಪರಿಹಾರ ನಮ್ಮ ಹಿರಿಯರೇ ಮಾಡಿಟ್ಟಿದ್ದಾರೆ. ಮೊಮ್ಮಗಳಿಗೆ ಅಜ್ಜಿಯ ಹೆಸರಿಟ್ಟರೆ ಸೊಸೆ ಅತ್ತೆಯ ಹೆಸರು ಹಿಡಿದು ಗದರುವುದು ಹೇಗೆ? ಅದಕ್ಕೇ ಪುಟ್ಟಿ, ಅಮ್ಮಣ್ಣಿ ಎಂದು ಕರೆಯುವ ಹೆಸರು ಬೇರೆ ಇರುತ್ತಿತ್ತು. ಹಾಗೆಯೇ ಬರ್ತ್ ಸರ್ಟಿಫಿಕೇಟಿನಲ್ಲಿ ವೆಂಕಟಲಕ್ಷ್ಮಿ ಇರಲಿ, ಶಾಲೆಯಲ್ಲಿ ಲಕ್ಷ್ಮಿಯೋ ವೀನಾವೋ ಆಗಲಿ, ಆರಿಸುವವಳು ಅವಳೇ. ಉದ್ದ ಹೆಸರನ್ನು ಯಾವಾಗ ಬೇಕಾದರೂ ಮೊಟಕು ಮಾಡಬಹುದು. ಇಡದೇ ಬಿಟ್ಟ ಹೆಸರು ಮುಂದೆ ತಾನಾಗಿ ಬೆಳೆಯುವುದಿಲ್ಲ.

ಈಗಾಗಲೇ ಮಾಯಾ, ರಿಯಾ ಇರುವ ಮನೆಯವರು ಬೇಸರಪಡಬೇಡಿ. ಅವೂ ಚೆಂದದ ಹೆಸರುಗಳೇ. ಆದರೆ ಒಂದು ಗಮನಿಸಿ. ಮಿಡಲ್ ನೇಮ್ ಎಂಬ ಜಾಗವನ್ನು ಇಲ್ಲಿಯವರು ಅಜ್ಜಿ ಮುತ್ತಜ್ಜಿಯರಿಗೆ ಮೀಸಲಿಡುವುದುಂಟು. ನಾವು ಅಲ್ಲಿ ಅಪ್ಪನ ಹೆಸರು ತುರುಕುತ್ತೇವೆ. ಲಾಸ್ಟ್ ನೇಮ್ ಹೇಗೂ ಅಪ್ಪನ ಕಡೆಯದು. ಹೆಣ್ಣು ಮಗಳ ಮೂರು ಹೆಸರುಗಳಲ್ಲಿ ಒಂದಾದರೂ ಹೆಂಗಸಿನಿಂದ ಬರಬಾರದೆ?

ಜರ್ಮನಿಯಲ್ಲಿ ಮುತ್ತಜ್ಜಿಯರ ಎಮ್ಮಾ, ಇಡಾ, ಫ್ರೀಡಾಗಳು ಈ ಶತಮಾನದಲ್ಲಿ ಮತ್ತೆ ತೊಟ್ಟಿಲಿಗೆ ಬಂದಿವೆ. ನಮ್ಮವು ಬರಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ನಾಮಕರಣಕ್ಕೆ ಹೋದಾಗ "ಅರ್ಥ ಏನು?" ಎಂದು ಕೇಳಬೇಡಿ. "ಯಾರ ಹೆಸರು?" ಎಂದು ಕೇಳಿ. ಉತ್ತರವಿಲ್ಲದೆ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರೆ, ಊಟಕ್ಕೆ ಏಳುವ ಮುನ್ನ ಆ ಮನೆಯ ಅಜ್ಜಿಯ ಹೆಸರೇನೆಂದು ವಿಚಾರಿಸಿ.