ಕ್ಯಾನ್ಸಲ್ ಅಂದ ಮಾತ್ರಕ್ಕೆ ಕ್ಯಾನ್ಸಲ್ ಆಗುತ್ತಾ?

ಪ್ರೋಗ್ರಾಮ್ ಬರೆಯುವವರಲ್ಲಿ ಹೆಚ್ಚಿನವರು ಕ್ಯಾನ್ಸಲ್ ಅನ್ನುವುದನ್ನು ಆಜ್ಞೆ ಅಂದುಕೊಂಡಿರುತ್ತಾರೆ. ನನ್ನ ಪ್ರಕಾರ ಅದು ಬರೀ ಅರ್ಜಿ. ಮಂಜೂರು ಮಾಡುವುದು ಬಿಡುವುದು ಡ್ರೈವರ್‌ನ ಇಷ್ಟ.

ಡಿಸ್ಕಿನಿಂದಲೋ ನೆಟ್‌ವರ್ಕಿನಿಂದಲೋ ಏನಾದರೂ ಓದಿ ಕೊಡು ಅಂತ ಆಪರೇಟಿಂಗ್ ಸಿಸ್ಟಮ್‌ಗೆ ಹೇಳಿ, ಅದು ಮುಗಿಯುವವರೆಗೆ ಕಾಯದೆ ನಮ್ಮ ಕೆಲಸ ನಾವು ನೋಡಿಕೊಳ್ಳುವುದು ಅಸಿಂಕ್ರೊನಸ್ ಪದ್ಧತಿ. ಹಾಗೆ ಹೇಳುವಾಗಲೇ "ಬಂದದ್ದನ್ನು ಇಲ್ಲಿ ಹಾಕು" ಅಂತ ಮೆಮೊರಿಯಲ್ಲಿ ಒಂದು ಜಾಗ ತೋರಿಸಿರುತ್ತೇವೆ, ಅದೇ ಬಫರ್. ಪೇಚಾಟ ಶುರುವಾಗುವುದೇ ಇಲ್ಲಿ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಸಾರು ಬಡಿಸುವವನಿಗೆ "ಬೇಡ ಬೇಡ" ಅಂದಿರಿ. ಅಷ್ಟರಲ್ಲಿ ಸೌಟು ಬಗ್ಗಿ ಆಗಿದ್ದರೆ ಸಾರು ಬಿದ್ದೇ ಬೀಳುತ್ತದೆ. ಬೇಡ ಅಂದೆನಲ್ಲ ಅಂತ ನೀವು ಎಲೆ ಎತ್ತಿ, ಆ ಜಾಗಕ್ಕೆ ಇನ್ಯಾರೋ ಬಂದು ಕೂತರೆ? ಸಾರು ಅವರ ಪಂಚೆ ಮೇಲೆ :-) ಕ್ಯಾನ್ಸಲ್ ಕರೆದ ತಕ್ಷಣ ಬಫರ್ ಬಿಟ್ಟುಕೊಡುವ ಪ್ರೋಗ್ರಾಮ್ ಮಾಡುವುದೂ ಇದನ್ನೇ. ಬೇರೆ ಯಾವುದಕ್ಕೋ ಕೊಟ್ಟ ಮೆಮೊರಿಗೆ ಹಳೆಯ ಡೇಟಾ ಬಂದು ಬೀಳುತ್ತದೆ. ಎಲ್ಲಿ, ಯಾವಾಗ ಕ್ರ್ಯಾಶ್ ಆಗುತ್ತದೋ ಆ ದೇವರೇ ಬಲ್ಲ.

ವಿಂಡೋಸ್‌ನ ಹಳೆಯ ಕ್ಯಾನ್ಸಲ್‌ಐಒ ಫಂಕ್ಷನ್ನು, ಅದನ್ನು ಕರೆದ ಥ್ರೆಡ್ಡೇ ಆ ಫೈಲಿನ ಮೇಲೆ ಹಾಕಿದ ಕೆಲಸಗಳನ್ನಷ್ಟೇ ಮುಟ್ಟುತ್ತಿತ್ತು. ವಿಸ್ತಾ ಜೊತೆ ಬಂದ ಕ್ಯಾನ್ಸಲ್‌ಐಒಈಎಕ್ಸ್‌ನಲ್ಲಿ ಅದೇ ಪ್ರೊಸೆಸ್ಸಿನ ಯಾವ ಥ್ರೆಡ್ ಹಾಕಿದ್ದನ್ನು ಬೇಕಾದರೂ, ಒಂದೇ ಒಂದು ಕೆಲಸವನ್ನು ಆರಿಸಿ ಬೇಕಾದರೂ ರದ್ದು ಮಾಡಲು ಕೇಳಬಹುದು. ಒಳ್ಳೆಯದೇ. ಆದರೆ ಅದು "ಯಶಸ್ಸು" ಅಂದರೆ ಅರ್ಜಿ ತಲುಪಿತು ಅಂತ ಮಾತ್ರ. ಆಮೇಲೂ ಓದು ಮಾಮೂಲಿನಂತೆ ಮುಗಿಯಬಹುದು, 995 ಅನ್ನುವ ದೋಷಸಂಖ್ಯೆಯೊಂದಿಗೆ ನಿಲ್ಲಬಹುದು, ಬೇರೇನೋ ಎಡವಟ್ಟಿನಿಂದಲೂ ಕೊನೆಯಾಗಬಹುದು. ಇದಕ್ಕೆ ಯಶಸ್ಸು ಅಂತ ಹೆಸರಿಟ್ಟವರ ಮೇಲೆ ನನಗೆ ತಕರಾರಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಸಲ ಮುಗಿಸು ಅಂದರೂ ಕೆಲವು ಪ್ರೊಸೆಸ್‌ಗಳು ಜಪ್ಪಯ್ಯ ಅನ್ನದೆ ಕೂತಿರುತ್ತವಲ್ಲ, ಎಷ್ಟೋ ಸಲ ಅದಕ್ಕೂ ಯಾವುದೋ ಡ್ರೈವರ್ ಇಂಥ ಅರ್ಜಿಗೆ ಕಿವಿಗೊಡದಿರುವುದೇ ಕಾರಣ.

ಈ ವಿಷಯದಲ್ಲಿ ಪಾಸಿಕ್ಸ್ ಹೆಚ್ಚು ಪ್ರಾಮಾಣಿಕ. ರದ್ದಾಯಿತು, ಎಲ್ಲ ರದ್ದಾಗಲಿಲ್ಲ, ಆಗಲೇ ಮುಗಿದಿತ್ತು ಅಂತ ಮೂರು ಬೇರೆ ಬೇರೆ ಉತ್ತರ ಕೊಡುತ್ತದೆ. ಲಿನಕ್ಸ್‌ಗೆ 2019ರಲ್ಲಿ ಬಂದ ಐಒ-ಯೂರಿಂಗ್ ಕೂಡ ಇದೇ ದಾರಿಯದ್ದು. ಅಲ್ಲಿ ರದ್ದತಿಯ ಅರ್ಜಿಗೊಂದು ಉತ್ತರ, ಮೂಲ ಕೆಲಸಕ್ಕೆ ಇನ್ನೊಂದು ಉತ್ತರ. ಬಫರ್ ಬಿಡಬೇಕಾದ್ದು ಆ ಎರಡನೆಯದು ಬಂದ ಮೇಲೇ.

ಪರದೆಯ ಮೇಲೂ ಇಷ್ಟು ಪ್ರಾಮಾಣಿಕತೆ ಬೇಕು ಅಂತ ನನ್ನ ಹಠ. ಕ್ಯಾನ್ಸಲ್ ಒತ್ತಿದೊಡನೆ ಡಬ್ಬಿ ಮಾಯವಾಗಬಾರದು. "ರದ್ದಾಗುತ್ತಿದೆ..." ಅಂತ ಕಾಣಿಸುತ್ತಿರಲಿ, ನಿಜವಾಗಿ ನಿಂತ ಮೇಲೆ ಮುಚ್ಚಿಕೊಳ್ಳಲಿ. ಪೆನ್ ಡ್ರೈವ್ ಎಳೆಯಲು ಕೈ ಚಾಚಿರುವವರಿಗೆ ಆ ಒಂದು ಸಾಲು ಸಾಕು.