ಕೊಳಗ ಯಾರ ಕೈಯಲ್ಲಿ?

ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಹರಿಕಥೆ ನಾಡಿನಲ್ಲೆಲ್ಲ ನಡೆಯುತ್ತಿದೆ. ಕಾರ್ಖಾನೆಯ ಸಭಾಂಗಣವಿರಲಿ, ಬ್ಯಾಂಕಿನ ತರಬೇತಿ ಶಿಬಿರವಿರಲಿ, ಸರ್ಕಾರಿ ಕಚೇರಿಯ ಕಾರ್ಯಾಗಾರವಿರಲಿ, ಕಥೆ ಒಂದೇ. ತಾಳ ತಂಬೂರಿಯ ಬದಲು ಪರದೆಯ ಮೇಲೆ ಬಣ್ಣದ ಚಿತ್ರಗಳು, ಅಷ್ಟೆ ವ್ಯತ್ಯಾಸ. ಕಥಾಸಾರವೇನು? ನಿಮ್ಮ ಬದುಕು ನಿಮ್ಮ ಕೈಯಲ್ಲಿದೆ, ಪರಿಸ್ಥಿತಿಯನ್ನು ದೂರಬೇಡಿ, ಸೋತರೆ ನಿಮ್ಮನ್ನೇ ದೂರಿಕೊಳ್ಳಿ. ಮಂಗಳಾರತಿಯಾದ ಮೇಲೆ ಗುತ್ತಿಗೆ ಕಾರ್ಮಿಕ ತನ್ನ ಪಾಳಿಗೆ ಹಿಂದಿರುಗುತ್ತಾನೆ. ನಾಳೆ ಆ ಪಾಳಿ ಅವನಿಗೆ ಉಂಟೋ ಇಲ್ಲವೋ ಎಂಬುದು ಮಾತ್ರ ಅವನ ಕೈಯಲ್ಲಿಲ್ಲ, ಗುತ್ತಿಗೆದಾರನ ಕೈಯಲ್ಲಿದೆ!

ಈ ಉಪದೇಶ ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಅರ್ಧ ಸತ್ಯ. ಪೂರ್ಣ ಸುಳ್ಳನ್ನು ಜನ ಬೇಗ ಗುರುತಿಸುತ್ತಾರೆ. ಅರ್ಧ ಸತ್ಯವೇ ಅವರನ್ನು ಕಟ್ಟಿಹಾಕುವ ಹಗ್ಗ.

ಸತ್ಯವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತನಗೆ ಒದಗುವ ಫಲ ತನ್ನ ನಡತೆಯಿಂದ ಬರುತ್ತದೆಂದು ನಂಬುವವರು ಕೆಲವರು. ಅದು ಅದೃಷ್ಟದಿಂದಲೋ ಬಲಾಢ್ಯರ ಮರ್ಜಿಯಿಂದಲೋ ಬರುತ್ತದೆಂದು ನಂಬುವವರು ಕೆಲವರು. ಅಂಕೆ ಒಳಗಿದೆಯೆ, ಹೊರಗಿದೆಯೆ? ಇದನ್ನು ಅಳೆಯಲು ಅವರು 29 ಜೋಡಿ ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನೇ ರಚಿಸಿದರು. ಅದಕ್ಕೂ ಮುಂಚೆ, 1963ರಲ್ಲಿ, ರಾಟರ್ ಮತ್ತು ಪರ್ಲ್ ಗೋರ್ ಅಮೆರಿಕದ ದಕ್ಷಿಣ ಭಾಗದ ಕರಿಯರ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳನ್ನು ವಿಚಾರಿಸಿದ್ದರು. ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೋಗಲು ಹೆಚ್ಚು ಸಿದ್ಧರಾಗಿದ್ದವರು ಯಾರು? ಅಂಕೆ ತಮ್ಮೊಳಗಿದೆ ಎಂದು ನಂಬಿದವರು. ಹಣೆಬರಹ ಎಂದು ಕೈಕಟ್ಟಿ ಕುಳಿತವನು ಬೀದಿಗಿಳಿಯುವುದಿಲ್ಲ, ಇದು ಸತ್ಯ.

ಆದರೆ ನಮ್ಮ ಹೊಸ ಹರಿದಾಸರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಂದಿನ ಪುಟ ಅವರಿಗೆ ಬೇಡ. 1969ರಲ್ಲಿ ಪೆಟ್ರೀಷಿಯಾ ಗುರಿನ್ ಮತ್ತು ಸಂಗಡಿಗರು ಕರಿಯ ವಿದ್ಯಾರ್ಥಿಗಳನ್ನೇ ಅಧ್ಯಯನ ಮಾಡಿ, ರಾಟರ್ ಒಂದಾಗಿ ಕಂಡದ್ದನ್ನು ಎರಡಾಗಿ ಬಿಡಿಸಿದರು. 'ನನ್ನ ಕೈಯಲ್ಲಿ ಆಗುತ್ತದೆ' ಎಂಬುದು ಒಂದು ನಂಬಿಕೆ. 'ಸೋತವರೆಲ್ಲ ತಮ್ಮ ತಪ್ಪಿನಿಂದಲೇ ಸೋತರು' ಎಂಬುದು ಬೇರೆಯೇ ಒಂದು ನಂಬಿಕೆ. ಮೊದಲನೆಯದು ಮನುಷ್ಯನಿಗೆ ಬಲ. ಎರಡನೆಯದು? ತಮ್ಮ ಜನರ ಹಿನ್ನಡೆಗೆ ವ್ಯವಸ್ಥೆಯೇ ಕಾರಣವೆಂದು ಗುರುತಿಸಿದ ವಿದ್ಯಾರ್ಥಿಗಳೇ ಒಟ್ಟುಗೂಡಿ ಹೋರಾಡಲು ಹೆಚ್ಚು ಸಿದ್ಧರಿದ್ದರು. ಎಂದರೆ, ತನ್ನಲ್ಲಿ ನಂಬಿಕೆ ಇಡುವುದಕ್ಕೂ ಅನ್ಯಾಯದತ್ತ ಬೆರಳು ತೋರುವುದಕ್ಕೂ ವಿರೋಧವಿಲ್ಲ. ವಿರೋಧವಿದೆ ಎಂದು ಹೇಳಿಕೊಡುವವರು ಯಾರ ಸಂಬಳ ತಿನ್ನುತ್ತಾರೆ ಎಂಬುದನ್ನು ಓದುಗರೇ ಊಹಿಸಬಹುದು.

ಈ ಮಾತಿಗೆ ಅಮೆರಿಕಕ್ಕೇ ಹೋಗಬೇಕಾಗಿಲ್ಲ. ನಮ್ಮ ಸಾಗರ ತಾಲ್ಲೂಕಿನ ಕಾಗೋಡು ಸಾಕು. ಗೇಣಿ ಪದ್ಧತಿ ತಲೆಮಾರುಗಳ ಕಾಲ ಒಕ್ಕಲಿಗೆ ಕಲಿಸಿದ ಪಾಠ ಒಂದೇ: ಬೆಳೆಯುವುದು ನಿನ್ನ ಕೆಲಸ, ಅಳೆಯುವುದು ಧಣಿಯ ಕೆಲಸ. ಕಣದಲ್ಲಿ ಭತ್ತದ ರಾಶಿ ಒಕ್ಕಲಿನದು. ಅದನ್ನು ಅಳೆಯುವ ಕೊಳಗ ಧಣಿಯದು. ಆ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದೇ ಕಾಗೋಡಿನ ಗೇಣಿದಾರರ ಮೂಲ ದೂರು. ಇಂಥ ಕಣದಲ್ಲಿ ನಿಂತವನಿಗೆ 'ಇನ್ನಷ್ಟು ಶ್ರಮಿಸು, ಫಲ ನಿನ್ನ ಕೈಯಲ್ಲಿದೆ' ಎಂದರೆ ಅದಕ್ಕಿಂತ ಕ್ರೂರವಾದ ಹಾಸ್ಯ ಬೇರೆ ಉಂಟೆ?

ಆ ರೈತರಿಗೆ ಯಾರೂ ಮನೋಬಲದ ಉಪನ್ಯಾಸ ಕೊಡಲಿಲ್ಲ. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಅಳತೆಯ ಪ್ರಶ್ನೆಯನ್ನು ರೈತರೇ ಎತ್ತಿದರು. ಉಳುಮೆಗೆ ಅಡ್ಡಿ ಬಂದಾಗ, 1951ರಲ್ಲಿ, ನೇಗಿಲು ಹಿಡಿದು ಗದ್ದೆಗಿಳಿದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಅವರ ಜತೆ ನಿಂತರು. ಅದೇ ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧಿತರಾದರು. ಒಂದು ತಂಡ ಸೆರೆಯಾದರೆ ಮತ್ತೊಂದು ತಂಡ ಗದ್ದೆಗಿಳಿಯುವುದು ಸತ್ಯಾಗ್ರಹದ ಕ್ರಮವಾಗಿತ್ತು. ಭೂಮಿ ಕೂಡಲೇ ಕೈಗೆ ಬರಲಿಲ್ಲ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾನೂನು 1974ರಲ್ಲಿ ಜಾರಿಗೆ ಬಂದು, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಲಿಗಳು ಕೂಡುವವರೆಗೆ ಕಾಯಬೇಕಾಯಿತು. ಆದರೆ ಭೂಮಿಗಿಂತ ಮೊದಲು ಬಂದದ್ದೊಂದಿದೆ: ಅಳತೆಯನ್ನು ಪ್ರಶ್ನಿಸಬಹುದು ಎಂಬ ಧೈರ್ಯ. ಧೈರ್ಯ ಬಂದ ಮೇಲೆ ಗದ್ದೆಗಿಳಿದದ್ದಲ್ಲ. ಗದ್ದೆಗಿಳಿದದ್ದರಿಂದ ಧೈರ್ಯ ಬಂತು.

ಅಂಕೆ ಕಸಿದುಕೊಂಡರೆ ಮನಸ್ಸು ಮಾತ್ರವಲ್ಲ, ದೇಹವೂ ಕುಗ್ಗುತ್ತದೆ. ಬ್ರಿಟನ್ನಿನಲ್ಲಿ 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಗಮನಿಸಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದಯರೋಗದ ಸಂಭವ ಹೆಚ್ಚೆಂದು 1997ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಇವರು ಹಸಿದವರಲ್ಲ, ನಿರುದ್ಯೋಗಿಗಳಲ್ಲ. ಫ್ಯಾನಿನ ಕೆಳಗೆ ಕುಳಿತ ಗುಮಾಸ್ತರು! ಇನ್ನು ಬಿಸಿಲಿನಲ್ಲಿ ಕಲ್ಲು ಒಡೆಯುವವನ ಪಾಡೇನು?

ಹಾಗಾದರೆ ನಾಯಕನೆಂದರೆ ಯಾರು? ಎಲ್ಲವನ್ನೂ ತನ್ನ ಮುಷ್ಟಿಯಲ್ಲಿ ಹಿಡಿದವನನ್ನು ನಾವು ನಾಯಕನೆಂದು ಕರೆದು ಹಾರ ಹಾಕುತ್ತೇವೆ. ಅವನಿಗೆ ತನ್ನ ಮೇಲೆ ಅಪಾರ ನಂಬಿಕೆ. ಅದೇ ಅವನ ಗುಣವೆನ್ನುತ್ತೇವೆ. ಆದರೆ ಅವನ ಸುತ್ತಲಿನವರಿಗೆ ತಮ್ಮ ಮೇಲೆ ಎಷ್ಟು ನಂಬಿಕೆ ಉಳಿದಿದೆ ಎಂದು ಯಾರೂ ಕೇಳುವುದಿಲ್ಲ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲಾಯಿತು. ಮುಂದೆ ಅದು ಅರ್ಧಕ್ಕೆ ಏರಿತು. ಬಹಳ ಒಳ್ಳೆಯದು. ಆದರೆ ಎಷ್ಟು ಊರುಗಳಲ್ಲಿ ಕುರ್ಚಿಯ ಮೇಲೆ ಅಧ್ಯಕ್ಷೆ, ಠಸ್ಸೆ ಮಾತ್ರ ಗಂಡನ ಜೇಬಿನಲ್ಲಿ! ಆಮೇಲೆ ಅದೇ ಗಂಡಸರು 'ಹೆಂಗಸರಿಗೆ ಉತ್ಸಾಹವಿಲ್ಲ' ಎಂದು ತೀರ್ಪು ಕೊಡುತ್ತಾರೆ. ಠಸ್ಸೆ ಕೊಟ್ಟು ನೋಡಿ ಸ್ವಾಮಿ, ಉತ್ಸಾಹ ತಾನೇ ಬರುತ್ತದೆ.

ಪರರನ್ನು ಬೈದು ಮುಗಿಸಿದರೆ ಸಾಲದು. ನಮ್ಮ ಸಂಘಗಳಲ್ಲೇನಿದೆ? ಅರ್ಜಿ ಬರೆಯುವವನು ಮುಖಂಡ, ಅಧಿಕಾರಿಯೊಡನೆ ಮಾತಾಡುವವನು ಮುಖಂಡ, ಒಪ್ಪಂದಕ್ಕೆ ಸಹಿ ಹಾಕುವವನೂ ಅವನೇ. ಸದಸ್ಯನ ಪಾಲಿಗೆ ಚಂದಾ ಮತ್ತು ಜೈಕಾರ. ಸಭೆಗೆ ಜನ ಬರುವುದಿಲ್ಲವೆಂದು ನಾವೇ ಗೊಣಗುತ್ತೇವೆ. ಏಕೆ ಬರಬೇಕು? ಅವರು ಬಂದರೂ ಬಾರದಿದ್ದರೂ ನಿರ್ಣಯ ಬದಲಾಗದು. ಧಣಿಯ ಕೈಯಿಂದ ಕಸಿದ ಕೊಳಗವನ್ನು ನಾವು ಮುಖಂಡನ ಕೈಗೆ ಕೊಟ್ಟಿದ್ದೇವೆ. ಕಣದಲ್ಲಿ ನಿಂತವನು ನಿಂತೇ ಇದ್ದಾನೆ.

'ಹಾಗಾದರೆ ಎಲ್ಲಕ್ಕೂ ವ್ಯವಸ್ಥೆಯನ್ನು ದೂರುತ್ತ ಕೂಡಬೇಕೆ?' ಎಂದು ಕೇಳುವವರಿದ್ದಾರೆ. ಇಲ್ಲ. ದೂರುತ್ತ ಕೂಡುವುದೂ ಹಣೆಬರಹವೆನ್ನುವುದರ ಇನ್ನೊಂದು ರೂಪವೇ. ವ್ಯವಸ್ಥೆ ಕೆಟ್ಟಿದೆ, ಅದನ್ನು ಬದಲಿಸಲು ನಮ್ಮ ಕೈಯಲ್ಲಾಗುತ್ತದೆ: ಈ ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನೇ ನಿಜವಾದ ಕಾರ್ಯಕರ್ತ.

ಆದ್ದರಿಂದ ನಾವು ಹೇಳುವುದಿಷ್ಟು. ಕಾರ್ಮಿಕರಿಗೆ ಹುಮ್ಮಸ್ಸು ಬೇಕೆನ್ನುವ ಮಾಲೀಕರು ಉಪನ್ಯಾಸದ ಖರ್ಚು ಉಳಿಸಲಿ. ಪಾಳಿ, ಕೂಲಿ, ಸುರಕ್ಷತೆ ತೀರ್ಮಾನವಾಗುವ ಮೇಜಿನ ಬಳಿ ಕಾರ್ಮಿಕರಿಗೆ ಕುರ್ಚಿ ಹಾಕಲಿ. ಇದು ನಮ್ಮ ಹೊಸ ಆವಿಷ್ಕಾರವಲ್ಲ. ಉದ್ಯಮಗಳ ಆಡಳಿತದಲ್ಲಿ ಕಾರ್ಮಿಕರ ಪಾಲ್ಗೊಳ್ಳುವಿಕೆ ಇರಬೇಕೆಂದು 1976ರ 42ನೆಯ ತಿದ್ದುಪಡಿ ಸಂವಿಧಾನದಲ್ಲೇ 43ಎ ವಿಧಿಯಾಗಿ ಸೇರಿಸಿದೆ. ನಿರ್ದೇಶಕ ತತ್ವವಾದ್ದರಿಂದ ಅದನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲಾಗದು; ಹೋರಾಟದಿಂದಲೇ ಮಾಡಿಸಬೇಕು. ಗ್ರಾಮಸಭೆಯಲ್ಲಿ ಲೆಕ್ಕದ ಪುಸ್ತಕ ಬಿಚ್ಚಲಿ. ನಮ್ಮ ಸಂಘಗಳಲ್ಲಿ ಸದಸ್ಯರ ಒಪ್ಪಿಗೆಯಿಲ್ಲದೆ ಯಾವ ಒಪ್ಪಂದಕ್ಕೂ ಸಹಿ ಬೀಳದಿರಲಿ.

ಮುಂದಿನ ಸಲ ಯಾರಾದರೂ ಬಂದು 'ಎಲ್ಲವೂ ನಿಮ್ಮ ಕೈಯಲ್ಲಿದೆ' ಎಂದು ಉಪದೇಶಿಸಿದರೆ, ಬಂಧುಗಳೇ, ಜಗಳವಾಡಬೇಡಿ. ಒಂದೇ ಪ್ರಶ್ನೆ ಕೇಳಿ: ಕೊಳಗ ಯಾರ ಕೈಯಲ್ಲಿದೆ?