ಫುಲ್ ಚಾರ್ಜ್ ಮಾಡಿದ್ದು ಯಾರು ಮಗಾ?

"ಪವನ್ ಇದ್ದಿದ್ರೆ ಕಥೆನೇ ಬೇರೆ ಇರ್ತಿತ್ತು ಗುರು."

ಬೆಂಗಳೂರು ಬುಲ್ಸ್ ಸೋತಾಗಲೆಲ್ಲ ಈ ಮಾತು ಕೇಳಿಸುತ್ತೆ. ಆಫೀಸಿನ ಕ್ಯಾಂಟೀನಿನಲ್ಲಿ, ಮಾರಿಕುಪ್ಪಂ ರೈಲಿನ ಬಾಗಿಲಲ್ಲಿ ನೇತಾಡುವವರ ನಡುವೆ, ಬಂಗಾರಪೇಟೆಯ ಪಾನಿಪೂರಿ ಗಾಡಿ ಮುಂದೆ. (ನಮ್ಮೂರ ಪಾನಿ ಕುಡಿಯೋ ನೀರಿನಷ್ಟೇ ತಿಳಿಯಾಗಿರುತ್ತೆ. ಹಸಿರು ಪಾನಿ ಕುಡಿದು ಬೆಳೆದವರಿಗೆ ಹೇಳಿದ್ರೂ ನಂಬಲ್ಲ, ಬಿಡಿ.) 2024ರ ಕೊನೆಯಲ್ಲಿ, ಪ್ರೊ ಕಬಡ್ಡಿಯ ಹನ್ನೊಂದನೇ ಸೀಸನ್‌ನಲ್ಲಿ ಬುಲ್ಸ್ 12 ತಂಡಗಳ ಪೈಕಿ ಹನ್ನೆರಡನೆಯದಾಗಿ ಮುಗಿಸಿದಾಗಂತೂ ಇದು ಜಪವೇ ಆಗಿಹೋಯ್ತು.

ನನ್ನ ತಕರಾರು ಈ ಮಾತಿನ ಮೇಲೆ. ಇದು ತಪ್ಪು ಲೆಕ್ಕ. ಬರೀ ಕಬಡ್ಡಿಯ ತಪ್ಪು ಲೆಕ್ಕ ಆಗಿದ್ದಿದ್ರೆ ಭಾನುವಾರ ಹಾಳುಮಾಡ್ಕೊಂಡು ಬರೀತಿರಲಿಲ್ಲ.

ಮೊದಲು ಪವನ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಪವನ್ ಸೆಹ್ರಾವತ್ ದೆಹಲಿಯ ಬವಾನಾದ ಹುಡುಗ. ಆರನೇ ಸೀಸನ್‌ನಲ್ಲಿ ಬುಲ್ಸ್‌ಗೆ 271 ರೈಡ್ ಪಾಯಿಂಟ್ ತಂದುಕೊಟ್ಟ. 2019ರ ಜನವರಿ 5ರಂದು ಗುಜರಾತ್ ವಿರುದ್ಧ ಫೈನಲ್. ಬುಲ್ಸ್ 38, ಗುಜರಾತ್ 33. ಆ 38ರಲ್ಲಿ ಪವನ್ ಒಬ್ಬನದ್ದೇ 22. ಎದುರಾಳಿಯ ತಲೆ ಮೇಲಿಂದ ಹಾರಿ ಗೆರೆ ಮುಟ್ಟುವ ಅವನ ಆ ಜಿಗಿತ ನೋಡಿ ಶಿಳ್ಳೆ ಹೊಡೆಯದೇ ಇದ್ದವರು ಯಾರಾದ್ರೂ ಇದ್ರೆ ಅವರ ಎದೆಯಲ್ಲೇನೋ ತೊಂದರೆಯಿದೆ. ಮುಂದಿನ ಸೀಸನ್‌ನಲ್ಲಿ ಇನ್ನೂ ಜೋರು: 346. ಅದರಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39. ಎಂಟನೇ ಸೀಸನ್‌ನಲ್ಲಿ 304. ಮೂರೂ ಸಲ ಇಡೀ ಲೀಗ್‌ನಲ್ಲಿ ರೈಡರ್‌ಗಳ ಪಟ್ಟಿಯ ತುದಿಯಲ್ಲಿದ್ದವನು ಅವನೇ.

ಈಗ ಆ ಮೂರು ಸಂಖ್ಯೆ ಇನ್ನೊಂದ್ಸಲ ಓದಿ. 271, 346, 304. ಕಪ್ ಬಂದಿದ್ದು ಯಾವ ವರ್ಷ? ಅತಿ ಕಮ್ಮಿ ಪಾಯಿಂಟ್ ಇದ್ದ ವರ್ಷ. ಉಳಿದೆರಡು ಸಲವೂ ಸೆಮಿಫೈನಲ್‌ನಲ್ಲಿ ದಬಾಂಗ್ ದೆಹಲಿ ಎದುರು ಸೋತು ಮನೆಗೆ. ರೈಡರ್ ಬೆಳೆದ, ತಂಡ ಅಲ್ಲೇ ನಿಂತಿತು.

ಮುಂದಿನದ್ದು ಇನ್ನೂ ತಮಾಷೆಯಾಗಿದೆ. ಒಂಬತ್ತನೇ ಸೀಸನ್‌ಗೆ ತಮಿಳ್ ತಲೈವಾಸ್ ಅವನನ್ನು 2 ಕೋಟಿ 26 ಲಕ್ಷ ಕೊಟ್ಟು ಕೊಂಡರು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು, ಇಡೀ ಸೀಸನ್ ಹೊರಗೆ. ಅಯ್ಯೋ ಪಾಪ ಮುಳುಗಿದ್ರು ಅಂದುಕೊಂಡ್ವಿ ಎಲ್ರೂ. ಅಲ್ಲೀವರೆಗೆ ಒಮ್ಮೆಯೂ ಪ್ಲೇಆಫ್ ಕಾಣದ ಆ ತಂಡ ಅದೇ ವರ್ಷ ಸೆಮಿಫೈನಲ್ ಆಡಿತು. ಹತ್ತನೇ ಸೀಸನ್‌ಗೆ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷಕ್ಕೂ ಮೇಲೆ ಸುರಿದು ಕರ್ಕೊಂಡು ಹೋದರು. ಪವನ್ 200 ದಾಟಿದ. ತಂಡ 22 ಪಂದ್ಯದಲ್ಲಿ ಎರಡು ಗೆದ್ದು ಕೊನೆಗೆ ಬಿತ್ತು. ಹನ್ನೊಂದನೇ ಸೀಸನ್‌ನಲ್ಲಿ ನಮ್ಮ ಬುಲ್ಸ್ ಬಳಿ ಇದ್ದವನು ಯಾರು ಅಂದ್ಕೊಂಡ್ರಿ? ಪರ್ದೀಪ್ ನರ್ವಾಲ್. ಲೀಗ್ ಶುರುವಾದಾಗಿನಿಂದ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ ಮನುಷ್ಯ. ಗೆದ್ದಿದ್ದು ಎರಡೇ ಪಂದ್ಯ.

ಇದು ಪವನ್‌ನ ತಪ್ಪಲ್ಲ, ಪರ್ದೀಪ್‌ನದ್ದೂ ಅಲ್ಲ. ಪರ್ದೀಪ್ ಐದನೇ ಸೀಸನ್‌ನಲ್ಲಿ 369 ಪಾಯಿಂಟ್ ಹೊಡೆದು ಪಟ್ನಾಗೆ ಕಪ್ ತಂದವನು, ಅದನ್ನು ಮುಚ್ಚಿಟ್ಟು ವಾದ ಮಾಡೋ ಅಗತ್ಯ ನನಗಿಲ್ಲ. ಆದರೆ ಅದೇ ಪರ್ದೀಪ್, ಅದೇ ಪಟ್ನಾ, ಮರುವರ್ಷ 233 ಪಾಯಿಂಟ್, ಪ್ಲೇಆಫ್‌ಗೂ ಬರಲಿಲ್ಲ. ಸುತ್ತಲಿನ ಆರು ಜನ ಬದಲಾದರೆ ಅದೇ ಕಾಲು, ಅದೇ ಉಸಿರು ಬೇರೆ ಫಲ ಕೊಡುತ್ತೆ.

ಯಾಕೆ ಅಂತ ತಿಳೀಬೇಕಾದ್ರೆ ಟಿವಿ ನೋಡುವವರು ಮರೆತಿರೋ ಒಂದು ನಿಯಮ ನೆನಪಿಸಬೇಕು. ರೈಡರ್ ಸಿಕ್ಕಿಬಿದ್ದರೆ ಹೊರಗೆ ಹೋಗಿ ಕೂರಬೇಕು. ಮತ್ತೆ ಒಳಗೆ ಬರೋದು ಅವನ ಕೈಯಲ್ಲಿಲ್ಲ. ಅವನು ಎಷ್ಟೇ ಕೋಟಿಯ ಆಟಗಾರನಾಗಿರಲಿ, ಒಳಗಿರುವವರು ಎದುರಾಳಿಯ ಒಬ್ಬನನ್ನು ಔಟ್ ಮಾಡಿದಾಗಲೇ ಇವರ ಕಡೆಯ ಒಬ್ಬ ವಾಪಸ್ ಬರೋದು. ಬೋನಸ್ ಪಾಯಿಂಟ್ ಸಿಕ್ಕರೂ ಯಾರೂ ಬರಲ್ಲ. ಅಂದ್ರೆ ನಿಮ್ಮ ಹೀರೋ ಬೆಂಚಿನ ಮೇಲೆ ಬೆವರು ಒರೆಸ್ಕೊಂಡು ಕೂತಿರುವಾಗ ಎಡ ಮೂಲೆಯ ಒಬ್ಬ ಹುಡುಗ ಎದುರಾಳಿಯ ಕಾಲಿಗೆ ಬೀಳ್ತಾನೆ, ಅಕ್ಷರಶಃ ಬೀಳ್ತಾನೆ, ಪಾದದ ಗಂಟು ಹಿಡಿದು. ಪಕ್ಕದ ಕವರ್‌ನವನು ಅರ್ಧ ಸೆಕೆಂಡ್ ತಡಮಾಡಿದರೆ ಹಿಡಿದವನೇ ಔಟ್. ತಡಮಾಡದೆ ಮೇಲೆ ಬಿದ್ದರೆ ಹೀರೋ ಒಳಗೆ. ಆಮೇಲೆ ಹೀರೋ ಹೋಗಿ ಮೂರು ಜನರನ್ನು ಮುಟ್ಟಿ ಬರ್ತಾನೆ, ಸ್ಕ್ರೀನ್ ಮೇಲೆ 'ಸೂಪರ್ ರೈಡ್' ಅಂತ ಬೆಂಕಿ ಹತ್ತಿಕೊಳ್ಳುತ್ತೆ. ಆ ಮೂರು ಪಾಯಿಂಟ್ ಯಾರ ಖಾತೆಗೆ? ಪಟ್ಟಿಯಲ್ಲಂತೂ ಒಬ್ಬನ ಖಾತೆಗೇ.

ಎರಡನೇ, ಮೂರನೇ ರೈಡರ್‌ಗಳ ಪಾಡು ಇನ್ನೂ ಕಷ್ಟ. ಎರಡು ರೈಡ್ ಖಾಲಿ ಹೋದರೆ ಮೂರನೆಯದು 'ಡು ಆರ್ ಡೈ'. ಪಾಯಿಂಟ್ ತರಬೇಕು, ಇಲ್ಲಾಂದ್ರೆ ಔಟ್. ಎದುರಿನ ಏಳೂ ಜನಕ್ಕೆ ಇದು ಗೊತ್ತು, ಬಾಯಿ ತೆರೆದು ಕಾಯ್ತಿರ್ತಾರೆ. ಅಲ್ಲಿಗೆ ಸ್ಟಾರ್‌ನನ್ನು ಕಳಿಸಿ ಕಳ್ಕೊಳ್ಳೋಕೆ ಕೋಚ್‌ಗೆ ಮನಸ್ಸಿರಲ್ಲ. ಹಾಗಾಗಿ ಮೂರನೇ ರೈಡರ್ ಹೋಗ್ತಾನೆ, ಬಹಳ ಸಲ ಸಿಕ್ಕಿಬೀಳ್ತಾನೆ. ಸೀಸನ್ ಮುಗಿದಾಗ ಅವನ ಹೆಸರಿನ ಮುಂದೆ 'ವಿಫಲ ರೈಡ್' ಅಂತ ಉದ್ದನೆ ಲೆಕ್ಕ. ಸ್ಟಾರ್‌ನ ಹೆಸರಿನ ಮುಂದೆ ಒಳ್ಳೆ ಸರಾಸರಿ. ಒಬ್ಬನ ಸರಾಸರಿ ಚೆಂದ ಇರಲಿ ಅಂತ ಇನ್ನೊಬ್ಬನ ಸರಾಸರಿ ಕೆಡಿಸೋದು ತಂತ್ರ. ಒಪ್ಪಿದೆ, ತಂತ್ರವೇ. ಆದರೆ ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು "ನೋಡಿ, ಇವನು ಗಂಡು, ಅವನು ವೇಸ್ಟು" ಅನ್ನೋದು ಅನ್ಯಾಯ.

2019ರ ಅಕ್ಟೋಬರ್‌ನ ಫೈನಲ್ ನೆನಪಿದೆಯಾ? ಬಹಳ ಜನಕ್ಕೆ ಇಲ್ಲ, ಬುಲ್ಸ್ ಇರಲಿಲ್ಲವಲ್ಲ. ದೆಹಲಿಯ ನವೀನ್ ಕುಮಾರ್ ಆ ದಿನ 18 ಪಾಯಿಂಟ್ ತಂದ, ತಂಡದ 34ರಲ್ಲಿ ಅರ್ಧಕ್ಕೂ ಮೇಲೆ. ಹಿಂದಿನ ಸೀಸನ್‌ನಲ್ಲಿ ಪವನ್ ಮಾಡಿದ್ದಕ್ಕೆ ಹೆಚ್ಚುಕಮ್ಮಿ ಸಮ. ನವೀನ್ ಸೋತ. ಗೆದ್ದಿದ್ದು ಬೆಂಗಾಲ್ ವಾರಿಯರ್ಸ್, 39–34. ಅವರ ನಾಯಕ, ಅವರ ದೊಡ್ಡ ರೈಡರ್ ಮಣಿಂದರ್ ಸಿಂಗ್ ಗಾಯವಾಗಿ ಆಡಲೇ ಇಲ್ಲ. ಇರಾನಿನ ನಬಿಬಕ್ಷ್ 10, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ 8, ಉಳಿದದ್ದು ಉಳಿದವರೆಲ್ಲ ಸೇರಿ ಚೂರುಚೂರು. ಕೋಚ್ ಯಾರು ಗೊತ್ತಾ? ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಅದೇ ರಮೇಶ್ ಹತ್ತನೇ ಸೀಸನ್‌ನಲ್ಲಿ ಪುಣೇರಿ ಪಲ್ಟನ್‌ಗೂ ಕಪ್ ಕೊಡಿಸಿದರು. ಆ ತಂಡದ ದೊಡ್ಡ ಹೆಸರು ರೈಡರ್ ಅಲ್ಲ, ಹಿಡಿಯುವವನು: ಇರಾನಿನ ಶಾದ್ಲೂಯಿ. ಫೈನಲ್ ಸ್ಕೋರ್ 28–25. ಬೋರ್ ಹೊಡೆಸೋ ಸ್ಕೋರ್ ಅಂದ್ರು ನಮ್ಮ ಗ್ರೂಪಿನಲ್ಲಿ. ನಮ್ಮ ರಾಜ್ಯದ ಕೋಚ್ ಎರಡು ಬೇರೆಬೇರೆ ತಂಡಕ್ಕೆ ಕಪ್ ಗೆದ್ದುಕೊಟ್ಟರೂ ಅವರ ಫೋಟೋ ಡಿಪಿ ಹಾಕ್ಕೊಂಡವರನ್ನ ನಾನಂತೂ ನೋಡಿಲ್ಲ.

ಈ ಸಿಟ್ಟಿಗೆ ಮೂಲ ಬಂಗಾರಪೇಟೆ ತಾಲ್ಲೂಕಿನ ಹೊಲಗಳಲ್ಲಿದೆ. ರಾಗಿ ಕೊಯ್ಲಾದ ಮೇಲೆ ಕೂಳೆ ಕಿತ್ತು, ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಅಂಕಣದಲ್ಲಿ ಆಡಿದವನು ನಾನು. ಮೊಣಕೈ ಚರ್ಮ ಎಷ್ಟು ಸಲ ಹೋಗಿದೆಯೋ ಲೆಕ್ಕ ಇಲ್ಲ. ಬಿಇ ಓದುವಾಗ ಕಾಲೇಜು ತಂಡದಲ್ಲಿ ನಾನು ಬಲಗಡೆ ಕವರ್. ಎಡ ಮೂಲೆಯಲ್ಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಬ್ಬ ಹುಡುಗ. ಹೆಸರು ಬೇಡ. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಸಿಟ್ಟು ಬಂದಾಗ ತೆಲುಗು. ಅವರಪ್ಪ ಗಣಿ ಮುಚ್ಚೋವರೆಗೂ, ಅಂದ್ರೆ 2001ರ ಫೆಬ್ರವರಿವರೆಗೂ, ಒಳಗಿಳಿದು ದುಡಿದವರು. ಈ ಹುಡುಗ ಒಮ್ಮೆ ಕಾಲು ಹಿಡಿದ ಅಂದ್ರೆ ಮುಗೀತು, ಬಿಡ್ತಿರಲಿಲ್ಲ. ನಮ್ಮ ಮೇನ್ ರೈಡರ್ ಆ ವರ್ಷ ಊರೆಲ್ಲ ಹೆಸರು ಮಾಡಿದ್ದ. ಅವನು ಔಟಾಗಿ ಹೊರಗೆ ಕೂತಾಗಲೆಲ್ಲ ಒಳಗೆ ಕರೆಸಿದ್ದು ಈ ಎಡ ಮೂಲೆ.

ಯೂನಿವರ್ಸಿಟಿ ತಂಡದ ಆಯ್ಕೆಗೆ ರೈಡರ್‌ನ ಹೆಸರು ಹೋಯ್ತು, ಇವನದ್ದು ಹೋಗಲಿಲ್ಲ. "ಡಿಫೆನ್ಸ್‌ಗೆ ಯಾರಾದ್ರೂ ಸಿಗ್ತಾರೆ ಕಣಯ್ಯಾ" ಅಂದರು, ಪಟ್ಟಿ ಹಿಡಿದವರೊಬ್ಬರು. ರೈಡರ್‌ಗೆ ಸರ್ಟಿಫಿಕೇಟ್ ಬಂತು, ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕೆಲಸ ಬಂತು, ಸಂತೋಷ, ಅರ್ಹನೇ ಅವನು. ಎಡ ಮೂಲೆಯವನಿಗೆ ಅರ್ಜಿ ಹಾಕೋಕೂ ಕಾಗದವಿರಲಿಲ್ಲ. ಈಗಲೂ ಬೆಳಗಾಗೋ ಮುಂಚೆ ರೈಲು ಹತ್ತಿ ವೈಟ್‌ಫೀಲ್ಡ್ ಕಡೆಯ ಗೋಡೌನ್ ಒಂದಕ್ಕೆ ಹೋಗ್ತಾನೆ, ರಾತ್ರಿ ಎಂಟೂವರೆ ಒಂಬತ್ತಕ್ಕೆ ವಾಪಸ್. ಕೆಜಿಎಫ್‌ನಿಂದ ದಿನಾ ಹೀಗೆ ಹೋಗಿಬರುವ ಸಾವಿರಾರು ಜನರಲ್ಲಿ ಒಬ್ಬ. ಪಾಯಿಂಟ್ ಟೇಬಲ್ ಬರೀ ಮನರಂಜನೆ ಅನ್ನುವವರು ಒಂದು ದಿನ ಆ ರೈಲಿನಲ್ಲಿ ನಿಂತು ಬನ್ನಿ.

ಇನ್ನೊಂದು ಕಾಕತಾಳೀಯ ಇದೆ, ಹೇಳದೆ ಇರಕ್ಕಾಗಲ್ಲ. 'ಕೆಜಿಎಫ್' ಸಿನಿಮಾ ಬಂದಿದ್ದು 2018ರ ಡಿಸೆಂಬರ್ 21ಕ್ಕೆ. ಬುಲ್ಸ್ ಕಪ್ ಗೆದ್ದಿದ್ದು ಸರಿಯಾಗಿ ಹದಿನೈದು ದಿನಕ್ಕೆ. ಆ ಹದಿನೈದು ದಿನದಲ್ಲಿ ಬೆಂಗಳೂರಿಗೆ ಎರಡು ಸಲ ಒಂದೇ ಕಥೆ ಹೇಳಲಾಯಿತು: ಒಬ್ಬ ಬರ್ತಾನೆ, ಎಲ್ಲರನ್ನೂ ಹೊಡೀತಾನೆ, ಉಳಿದವರು ಬಾಯಿ ಬಿಟ್ಟು ನೋಡ್ತಾರೆ. ಸಿನಿಮಾ ನಂಗೂ ಇಷ್ಟ, ಎರಡು ಸಲ ನೋಡಿದೀನಿ. ಆದರೆ ಸೈನೈಡ್ ದಿಬ್ಬಗಳ ಕೆಳಗಿನ ಕಥೆ ಹಂಗಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿಗೆ ಒಬ್ಬನೇ ಇಳಿಯೋ ಮಾತೇ ಇಲ್ಲ. ಮೇಲೆ ಹಗ್ಗದ ಯಂತ್ರ ನಡೆಸುವವನು, ಕಲ್ಲಿಗೆ ತೂತು ಕೊರೆಯುವವನು, ಮದ್ದು ಸಿಡಿಸುವವನು, ಮೇಲ್ಛಾವಣಿ ಕುಸಿಯದಂತೆ ಮರ ಕೊಡುವವನು, ಒಡೆದ ಕಲ್ಲು ತುಂಬಿ ತಳ್ಳುವವನು. ಟನ್‌ಗಟ್ಟಲೆ ಕಲ್ಲು ಪುಡಿಯಾದ ಮೇಲೆ ಗ್ರಾಂ ಲೆಕ್ಕದ ಚಿನ್ನ. 120 ವರ್ಷದಲ್ಲಿ ಹೊರಬಂದ ಸುಮಾರು 800 ಟನ್‌ನಲ್ಲಿ ಇದು ನನ್ನ ಗ್ರಾಂ ಅಂತ ತೋರಿಸೋಕೆ ಯಾರಿಗೆ ಸಾಧ್ಯ? 1930ರಲ್ಲಿ ಕಂಪನಿ ಒಬ್ಬೊಬ್ಬರ ಹೆಬ್ಬೆಟ್ಟಿನ ಗುರುತು ದಾಖಲಿಸೋಕೆ ಹೊರಟಾಗ ಇಡೀ ಗಣಿ ಕೆಲಸ ನಿಲ್ಲಿಸಿ ಹೊರಗೆ ಬಂದು ನಿಂತಿತ್ತು. ಅಂಥ ಊರಿನ ಮಕ್ಕಳು ನಾವು, ಒಬ್ಬನೇ ಹೀರೋ ಅಂತ ಟೀ ಶರ್ಟ್ ಹಾಕ್ಕೊಂಡು ಓಡಾಡ್ತಿದೀವಿ.

ಆಫೀಸಿನ ವಿಷಯ ಜಾಸ್ತಿ ಹೇಳಲ್ಲ, ನೀವೇ ಅನುಭವಿಸಿರ್ತೀರಿ. ರಿಲೀಸ್ ದಿನ ಡೆಮೋ ಕೊಟ್ಟವನಿಗೆ ಚಪ್ಪಾಳೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಕೂತವಳು, ಬೇರೆಯವರ ಕೋಡ್ ತಾಳ್ಮೆಯಿಂದ ಓದಿ ತಪ್ಪು ಹಿಡಿದವನು, ಯಾರಿಗೂ ಬೇಡವಾದ ಹಳೇ ಮಾಡ್ಯೂಲ್‌ಗೆ ಕೈ ಹಾಕಿ ಬೈಸಿಕೊಂಡವನು, ಇವರೆಲ್ಲ ಆಪ್ರೈಸಲ್‌ನಲ್ಲಿ "ಮೀಟ್ಸ್ ಎಕ್ಸ್‌ಪೆಕ್ಟೇಶನ್". ಸ್ಟೋರಿ ಪಾಯಿಂಟ್, ರೈಡ್ ಪಾಯಿಂಟ್, ಎರಡೂ ಒಂದೇ ಅಂಗಡಿಯ ತಕ್ಕಡಿ.

"ಜನ ಬರೋದೇ ರೈಡರ್ ನೋಡೋಕೆ, ದುಡ್ಡು ಅವನಿಂದಲೇ" ಅಂತ ಹೇಳ್ತೀರಿ, ಗೊತ್ತು. ಆದರೆ ದುಡ್ಡು ಹಾಕುವವರು ನಮಗಿಂತ ಬೇಗ ಕಲಿತಿದ್ದಾರೆ. ಪವನ್‌ಗೆ 2 ಕೋಟಿ 60 ಲಕ್ಷ ಸಿಕ್ಕ ಅದೇ ಹರಾಜಿನಲ್ಲಿ ಶಾದ್ಲೂಯಿಗೆ ಪುಣೆಯವರು 2 ಕೋಟಿ 35 ಲಕ್ಷ ಕೊಟ್ಟರು. ಆ ಸೀಸನ್ ಒಂದು ತಂಡ ಕೊನೆ, ಇನ್ನೊಂದು ತಂಡ ಮೊದಲು. ಕಲಿಯದೆ ಉಳಿದಿರೋದು ನಮ್ಮ ವಾಟ್ಸಾಪ್ ಗ್ರೂಪು, ನಮ್ಮ ಕಾಲೇಜುಗಳ ಆಯ್ಕೆ ಸಮಿತಿ, ನಮ್ಮೂರಿನ ಹೊನಲು ಬೆಳಕಿನ ಪಂದ್ಯಾವಳಿಗಳು. ಅಲ್ಲಿ ಇವತ್ತಿಗೂ 'ಉತ್ತಮ ದಾಳಿಗಾರ'ನಿಗೆ ಟಿವಿ, 'ಉತ್ತಮ ಹಿಡಿತಗಾರ'ನಿಗೆ ಗೋಡೆ ಗಡಿಯಾರ.

ಈ ಸಲ ನಮ್ಮ ಹೋಬಳಿಯ ಪಂದ್ಯಾವಳಿಗೆ ಚಂದಾ ಕೇಳಿಕೊಂಡು ಫೋನ್ ಬಂತು. "ಅಣ್ಣಾ, ಸಾಫ್ಟ್‌ವೇರ್‌ನೋರು, ದಾಳಿಗಾರನ ಪ್ರೈಜ್ ನಿಮ್ದೇ ಅಂದ್ಕೊಂಡಿದೀವಿ" ಅಂದ. ನಾನು ಎರಡು ಷರತ್ತು ಹಾಕಿದೆ. ಒಂದು, ನನ್ನ ದುಡ್ಡಿನ ಟಿವಿ ಹೋಗಬೇಕಾದ್ದು ಹಿಡಿತಗಾರನಿಗೆ. ಎರಡು, ಸ್ಕೋರ್ ಬರೆಯೋ ಹುಡುಗ ಇನ್ನೊಂದು ಕಾಲಂ ಎಳೀಬೇಕು: ಯಾರ ಹಿಡಿತದಿಂದ ಯಾರು ವಾಪಸ್ ಒಳಗೆ ಬಂದರು ಅಂತ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಕಮಿಟಿಲಿ ಕೇಳಿ ಹೇಳ್ತೀನಣ್ಣಾ" ಅಂದ. ವಾರ ಆಯ್ತು, ಇನ್ನೂ ಹೇಳಿಲ್ಲ. ಟಿವಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಅಂಗಡಿಯವನು ದಿನಾ ಫೋನ್ ಮಾಡ್ತಿದಾನೆ.